ಮಾತಾಡುತ್ತಾ ನಡೆದಾಗ ಮಾತ್ರ ಬೀಳುತ್ತಿದ್ದ ಟೀಚರ್: ಮರೆವು, ನಡಿಗೆ ಮತ್ತು ವಿಆರ್ ತರಬೇತಿಯ ಒಂದು ಪ್ರಕರಣ

ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ. ವಯಸ್ಸು 70 ದಾಟಿದೆ. ಮೈಸೂರಿನ ಹಳೇ ಬಡಾವಣೆಯಲ್ಲಿ ಯಜಮಾನರ ಜೊತೆ ವಾಸ. ಮಗ, ಸೊಸೆ ಅದೇ ಊರಿನಲ್ಲಿ ಬೇರೆ ಮನೆ ಮಾಡಿಕೊಂಡಿದ್ದಾರೆ. ಒಂದೇ ವರ್ಷದಲ್ಲಿ ಮೂರು ಸಲ ಬಿದ್ದರು. ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ, ಆದರೆ ಮೂರನೇ ಸಲ ಹಣೆಗೆ ಹೊಲಿಗೆ ಹಾಕಬೇಕಾಯಿತು. ಅದಾದ ಮೇಲೆ ನರರೋಗ ತಜ್ಞರು ಅವರನ್ನು ನಮ್ಮ ಫಿಸಿಯೋಥೆರಪಿ ವಿಭಾಗಕ್ಕೆ ಕಳಿಸಿದರು. ಚೀಟಿಯಲ್ಲಿದ್ದದ್ದು ಇಷ್ಟೇ: ಮೈಲ್ಡ್ ಕಾಗ್ನಿಟಿವ್ ಇಂಪೇರ್‌ಮೆಂಟ್, ಪದೇಪದೇ ಬೀಳುತ್ತಾರೆ, ಬ್ಯಾಲೆನ್ಸ್ ತರಬೇತಿ ಬೇಕು.

ಗುರುತು ಸಿಗಬಾರದು ಅಂತ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಇಲ್ಲಿ ಅವರನ್ನು ಟೀಚರ್ ಅಂತಲೇ ಕರೆಯುತ್ತೇನೆ. ನಮ್ಮ ವಿಭಾಗದಲ್ಲೂ ಎಲ್ಲರೂ ಹಾಗೇ ಕರೆಯುತ್ತಿದ್ದರು.

ಮೈಲ್ಡ್ ಕಾಗ್ನಿಟಿವ್ ಇಂಪೇರ್‌ಮೆಂಟ್, ಚಿಕ್ಕದಾಗಿ ಎಂಸಿಐ, ಅಂದರೆ ಡಿಮೆನ್ಶಿಯಾ ಅಲ್ಲ. ವಯಸ್ಸಿಗೆ ತಕ್ಕ ಮರೆವಿಗಿಂತ ಮರೆವು ಸ್ವಲ್ಪ ಜಾಸ್ತಿ, ಅಥವಾ ಯೋಚನೆ ಸ್ವಲ್ಪ ನಿಧಾನ. ಆದರೆ ದಿನನಿತ್ಯದ ಕೆಲಸಕ್ಕೆ ಇನ್ನೊಬ್ಬರ ಆಸರೆ ಬೇಕಾಗುವುದಿಲ್ಲ. ಅಮೆರಿಕದ ಮೇಯೋ ಕ್ಲಿನಿಕ್‌ನ ರೊನಾಲ್ಡ್ ಪೀಟರ್ಸನ್ ಮತ್ತು ಸಂಗಡಿಗರು 1999ರಲ್ಲಿ ಇದರ ಲಕ್ಷಣಗಳನ್ನು ಸ್ಪಷ್ಟವಾಗಿ ಬರೆದ ಮೇಲೆ ವೈದ್ಯರಲ್ಲಿ ಈ ಹೆಸರಿನ ಬಳಕೆ ಹೆಚ್ಚಾಯಿತು. ಟೀಚರ್ ಅಡುಗೆ ತಾವೇ ಮಾಡುತ್ತಿದ್ದರು, ಪೆನ್ಷನ್ ಲೆಕ್ಕ ತಾವೇ ನೋಡುತ್ತಿದ್ದರು. ಆದರೆ ಹಾಲಿನವನಿಗೆ ದುಡ್ಡು ಕೊಟ್ಟೆನಾ ಇಲ್ಲವಾ ಅನ್ನುವುದು ಮರೆತುಹೋಗುತ್ತಿತ್ತು. ಸಾರಿಗೆ ಎರಡು ಸಲ ಉಪ್ಪು ಬೀಳುತ್ತಿತ್ತು. ನೆನಪು, ಗಮನ, ಯೋಚನೆ ಅಳೆಯುವ ಮೋಕಾ ಪರೀಕ್ಷೆಯಲ್ಲಿ 30ಕ್ಕೆ 22 ಬಂದಿತ್ತು. ಅದರಲ್ಲಿ 26 ಮತ್ತು ಮೇಲ್ಪಟ್ಟದ್ದನ್ನು ಸಾಮಾನ್ಯ ಅಂತ ಎಣಿಸುತ್ತಾರೆ.

ಬಿದ್ದ ಕಥೆ

ಬಿದ್ದವರು ಬಂದಾಗ ನಾನು ಮೊದಲು ಕಾಲು ನೋಡುವುದಿಲ್ಲ, ಕಥೆ ಕೇಳುತ್ತೇನೆ. ಎಲ್ಲಿ ಬಿದ್ದಿರಿ, ಎಷ್ಟು ಹೊತ್ತಿಗೆ, ಕೈಯಲ್ಲಿ ಏನಿತ್ತು, ಯಾರ ಜೊತೆ ಇದ್ದಿರಿ, ಆ ಕ್ಷಣಕ್ಕೆ ಮನಸ್ಸಿನಲ್ಲಿ ಏನಿತ್ತು. ಟೀಚರ್‌ಗೆ ಕೆಲವು ನೆನಪಿತ್ತು, ಮಿಕ್ಕದ್ದನ್ನು ಯಜಮಾನರು ಸೇರಿಸಿದರು.

ಮೊದಲ ಸಲ ಬಿದ್ದದ್ದು ಮನೆಯಲ್ಲೇ. ಕಾಫಿ ಲೋಟ ಹಿಡಿದು ಅಡುಗೆಮನೆಯಿಂದ ಹಾಲ್‌ಗೆ ಬರುತ್ತಿದ್ದರು. ಕುಕ್ಕರ್ ಎಷ್ಟು ಸಲ ಕೂಗಿತು ಅಂತ ಎಣಿಸುತ್ತಿದ್ದರು. ಹೊಸ್ತಿಲು ಎಡವಿದರು. ಎರಡನೇ ಸಲ ಸಂಜೆ ವಾಕಿಂಗ್‌ನಲ್ಲಿ. ಪಕ್ಕದ ಮನೆಯವರ ಜೊತೆ ಯಾರದೋ ಮದುವೆ ಮಾತು ನಡೆದಿತ್ತು, ಫುಟ್‌ಪಾತ್ ಕಲ್ಲು ಎದ್ದಿದ್ದು ಕಾಣಲಿಲ್ಲ. ಮೂರನೇ ಸಲ ಮನೆ ಮುಂದಿನ ಮೆಟ್ಟಿಲು ಇಳಿಯುವಾಗ ಬ್ಯಾಗಿನೊಳಗೆ ಫೋನ್ ಹೊಡೆದುಕೊಂಡಿತು. ಕೈ ಬ್ಯಾಗಿಗೆ ಹೋಯಿತು, ಕಾಲು ಮೆಟ್ಟಿಲು ತಪ್ಪಿತು.

“ಸುಮ್ನೆ ನಡೆಯುವಾಗ ಒಂದ್ಸಲಾನೂ ಬಿದ್ದಿಲ್ಲ ಮೇಡಂ,” ಅಂದರು ಯಜಮಾನರು.

ಇಡೀ ಪ್ರಕರಣ ಆ ಒಂದು ಮಾತಿನಲ್ಲಿದೆ. ನಡೆಯುವುದು ತನ್ನಷ್ಟಕ್ಕೆ ತಾನೇ ಆಗುವ ಕೆಲಸ ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ಹಾಗಲ್ಲ. ಹೆಜ್ಜೆ ಎಲ್ಲಿಡಬೇಕು, ಎಷ್ಟು ಎತ್ತಬೇಕು, ಎದುರಿಗೆ ಬಂದದ್ದನ್ನು ಹೇಗೆ ದಾಟಬೇಕು ಅನ್ನುವುದಕ್ಕೆಲ್ಲ ಗಮನದ ಒಂದು ಪಾಲು ಖರ್ಚಾಗುತ್ತಲೇ ಇರುತ್ತದೆ. ವಯಸ್ಸಾದಂತೆ ಆ ಖರ್ಚು ಏರುತ್ತದೆ. ಎಂಸಿಐ ಇದ್ದವರಲ್ಲಿ ಹಂಚಿಕೊಳ್ಳಲು ಇರುವ ಗಮನವೇ ಕಡಿಮೆ. 1997ರಲ್ಲಿ ಸ್ವೀಡನ್ನಿನ ಸಂಶೋಧಕರು ವೃದ್ಧರ ವಸತಿಗೃಹವೊಂದರ 58 ಜನರ ಜೊತೆ ನಡೆಯುತ್ತಾ ಮಾತು ತೆಗೆದರು. 12 ಜನ ಮಾತಾಡಲಿಕ್ಕೆ ನಿಂತುಬಿಟ್ಟರು. ಮುಂದಿನ ಆರು ತಿಂಗಳಲ್ಲಿ ಆ 12ರಲ್ಲಿ 10 ಜನ ಬಿದ್ದರು. ಯಂತ್ರ ಬೇಡ, ಖರ್ಚಿಲ್ಲ, ಎರಡು ನಿಮಿಷದ ಪರೀಕ್ಷೆ. ನಮ್ಮ ಹೊರರೋಗಿ ವಿಭಾಗಗಳಲ್ಲಿ ಇದನ್ನು ಇಷ್ಟು ಕಡಿಮೆ ಬಳಸುತ್ತೇವಲ್ಲ ಅಂತ ನನಗೆ ನಿಜವಾಗಿ ಬೇಸರವಿದೆ.

ಪರೀಕ್ಷೆಯಲ್ಲಿ ಕಂಡದ್ದು

ಬೀಳುವುದಕ್ಕೆ ಬೇರೆ ಕಾರಣ ಇದೆಯಾ ಅಂತ ಮೊದಲು ನೋಡಬೇಕು. ಮಲಗಿದಾಗಿನ ಮತ್ತು ಎದ್ದುನಿಂತಾಗಿನ ಬಿ.ಪಿ.ಯಲ್ಲಿ ದೊಡ್ಡ ವ್ಯತ್ಯಾಸ ಇರಲಿಲ್ಲ. ಸಕ್ಕರೆ ಕಾಯಿಲೆ ಇತ್ತು, ಆದರೆ ಪಾದದ ಸ್ಪರ್ಶ ಚೆನ್ನಾಗಿತ್ತು. ಬಿ12, ಥೈರಾಯ್ಡ್ ಎರಡನ್ನೂ ವೈದ್ಯರು ಆಗಲೇ ನೋಡಿದ್ದರು. ತೊಡೆಯ ಬಲ ಸ್ವಲ್ಪ ಕಡಿಮೆ, ಆ ವಯಸ್ಸಿಗೆ ಗಾಬರಿ ಪಡುವಷ್ಟಲ್ಲ. ಮಾತ್ರೆಗಳ ಡಬ್ಬಿ ತರಿಸಿದಾಗ ಒಂದು ವಿಷಯ ಗೊತ್ತಾಯಿತು. ನೆಗಡಿ, ತುರಿಕೆ ಅಂತ ದಿನಾ ರಾತ್ರಿ ಹಳೇ ಕಾಲದ ಅಲರ್ಜಿ ಮಾತ್ರೆ ನುಂಗುತ್ತಿದ್ದರು, ಔಷಧಿ ಅಂಗಡಿಯಿಂದ ತಾವೇ ತಂದದ್ದು. ಆ ಜಾತಿಯ ಮಾತ್ರೆಗಳು ಮಂಪರು ತರುತ್ತವೆ, ವಯಸ್ಸಾದವರಲ್ಲಿ ಮರೆವನ್ನೂ ಹೆಚ್ಚಿಸಬಲ್ಲವು. ವೈದ್ಯರಿಗೆ ತಿಳಿಸಿದೆ, ಅವರು ನಿಲ್ಲಿಸಿದರು. ಇದನ್ನು ನೆನಪಿಡಿ, ಫಲಿತಾಂಶದ ಲೆಕ್ಕ ಹಾಕುವಾಗ ಮತ್ತೆ ಬೇಕಾಗುತ್ತದೆ.

ಆಮೇಲೆ ನಡಿಗೆ. ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕೂರುವ ಪರೀಕ್ಷೆ ಇದೆ, ಟಗ್ ಅನ್ನುತ್ತೇವೆ. ಟೀಚರ್‌ಗೆ 13.4 ಸೆಕೆಂಡ್ ಹಿಡಿಯಿತು. 12 ಸೆಕೆಂಡ್ ಅಥವಾ ಹೆಚ್ಚು ಆದರೆ ಬೀಳುವ ಅಪಾಯ ಇದೆ ಅಂತ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ ಸೂಚನೆ. ಅಂದರೆ ಗೆರೆಯ ಮೇಲೆ ಸ್ವಲ್ಪ. ಬ್ಯಾಲೆನ್ಸ್ ಅಳೆಯುವ 56 ಅಂಕಗಳ ಬರ್ಗ್ ಪರೀಕ್ಷೆಯಲ್ಲಿ 46.

ಮುಖ್ಯವಾದದ್ದು ಮುಂದಿನ ಪರೀಕ್ಷೆ. ಅದೇ ನಡಿಗೆ, ಜೊತೆಗೆ 80ರಿಂದ ಮೂರು ಮೂರು ಕಳೆಯುತ್ತಾ ಬರಬೇಕು. ಗಣಿತ ಪಾಠ ಮಾಡಿದವರು, ಕೂತಲ್ಲಿ ಕೇಳಿದಾಗ ಸಲೀಸಾಗಿ ಹೇಳಿದ್ದರು. ನಡೆಯುತ್ತಾ 77, 74 ಅಂದರು. ತಿರುಗುವ ಜಾಗಕ್ಕೆ ಬಂದವರು ನಿಂತೇಬಿಟ್ಟರು. ಕಣ್ಣು ಮೇಲೆ ಹೋಯಿತು, ಬೆರಳು ಮಡಿಸಿದರು. 71 ಅಂತ ಬಾಯಿಗೆ ಬಂದ ಮೇಲೆಯೇ ಕಾಲು ಎದ್ದದ್ದು. ಒಟ್ಟು 19.2 ಸೆಕೆಂಡ್. ಎರಡು ಕೆಲಸ ಒಟ್ಟಿಗೆ ಮಾಡಿದಾಗ ನಡಿಗೆ 43%ರಷ್ಟು ನಿಧಾನವಾಗಿತ್ತು.

ಈ ಅಂಕಿಗೆ ಇನ್ನೊಂದು ಮುಖವೂ ಇದೆ. ಎಂಸಿಐ ಇದ್ದು, ಎರಡು ಕೆಲಸ ಸೇರಿದಾಗ ನಡಿಗೆ ತುಂಬಾ ನಿಧಾನವಾಗುವವರಲ್ಲಿ ಮುಂದೆ ಡಿಮೆನ್ಶಿಯಾ ಬರುವ ಸಂಭವ ಹೆಚ್ಚು ಅಂತ ಕೆನಡಾದ ಸಂಶೋಧಕರು 2017ರಲ್ಲಿ ವರದಿ ಮಾಡಿದರು. ಅದು ಗುಂಪಿನ ಮಾತು, ಒಬ್ಬರ ಭವಿಷ್ಯ ಹೇಳುವ ಸಾಧನ ಅಲ್ಲ. ನಾನು ಆ ಅಂಕಿಯನ್ನು ತರಬೇತಿಯ ಗುರಿ ಇಟ್ಟುಕೊಳ್ಳಲಿಕ್ಕೆ ಮಾತ್ರ ಬಳಸಿದೆ.

ವಿಆರ್ ಯಾಕೆ

ಒಂಟಿ ಕಾಲಲ್ಲಿ ನಿಲ್ಲಿಸುವುದು, ಗೆರೆ ಮೇಲೆ ನಡೆಸುವುದು ನಮ್ಮ ಹಳೇ ಪದ್ಧತಿ. ಒಳ್ಳೆಯದೇ. ಆದರೆ ಟೀಚರ್ ಒಂಟಿ ಕಾಲಲ್ಲಿ ನಿಂತಾಗ ಬಿದ್ದವರಲ್ಲ. ಮನಸ್ಸು ಬೇರೆ ಕಡೆ ಇದ್ದಾಗ, ಎದುರಿಗೆ ಅಚಾನಕ್ಕಾಗಿ ಏನೋ ಬಂದಾಗ ಬಿದ್ದವರು. ಆ ಸನ್ನಿವೇಶವನ್ನೇ ಕಟ್ಟಿ ಅಭ್ಯಾಸ ಮಾಡಿಸಬೇಕಿತ್ತು, ಬಿದ್ದರೂ ಪೆಟ್ಟಾಗದ ಜಾಗದಲ್ಲಿ. ವರ್ಚುವಲ್ ರಿಯಾಲಿಟಿ, ಚಿಕ್ಕದಾಗಿ ವಿಆರ್, ಅಂದರೆ ಕಂಪ್ಯೂಟರ್ ಕಟ್ಟಿದ ದೃಶ್ಯದಲ್ಲಿ ನಡೆಸುವ ಅಭ್ಯಾಸ, ಇಲ್ಲಿ ಕೆಲಸಕ್ಕೆ ಬರುತ್ತದೆ. ಅಡ್ಡಿ ಯಾವಾಗ ಬರಬೇಕು, ಎಷ್ಟು ವೇಗವಾಗಿ ಬರಬೇಕು, ಜೊತೆಗೆ ಎಷ್ಟು ಗದ್ದಲ ಇರಬೇಕು ಅನ್ನುವುದೆಲ್ಲ ನಮ್ಮ ಕೈಯಲ್ಲಿರುತ್ತದೆ. ನೂರು ಸಲ ಬೇಕಾದರೂ ಮತ್ತೆ ಮಾಡಿಸಬಹುದು.

ಇದಕ್ಕೆ ಆಧಾರವಾಗಿ ನಾನು ಇಟ್ಟುಕೊಂಡದ್ದು ವಿ-ಟೈಮ್ ಅನ್ನುವ ಅಧ್ಯಯನ. 2016ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಬೆಲ್ಜಿಯಂ, ಇಸ್ರೇಲ್, ಇಟಲಿ, ನೆದರ್‌ಲ್ಯಾಂಡ್ಸ್, ಬ್ರಿಟನ್‌ನ ಐದು ಕೇಂದ್ರಗಳಲ್ಲಿ 60ರಿಂದ 90 ವಯಸ್ಸಿನ 302 ಜನ ಸೇರಿದ್ದರು. ಎಲ್ಲರೂ ಹಿಂದಿನ ಆರು ತಿಂಗಳಲ್ಲಿ ಎರಡು ಸಲವಾದರೂ ಬಿದ್ದವರು. ಒಂದು ಗುಂಪಿಗೆ ಬರೀ ಟ್ರೆಡ್‌ಮಿಲ್. ಇನ್ನೊಂದಕ್ಕೆ ಟ್ರೆಡ್‌ಮಿಲ್ ಜೊತೆ ಎದುರಿಗೆ ಪರದೆ. ನಡೆಯುವವರ ಪಾದವೇ ಪರದೆಯ ಮೇಲೆ ಕಾಣುತ್ತದೆ, ದಾರಿಯಲ್ಲಿ ಅಡೆತಡೆಗಳು ಬರುತ್ತವೆ, ದಾರಿ ಕವಲೊಡೆಯುತ್ತದೆ, ಗಮನ ಸೆಳೆಯುವ ವಸ್ತುಗಳು ಓಡಾಡುತ್ತವೆ. ವಾರಕ್ಕೆ 3 ಸಲ, ಸುಮಾರು 45 ನಿಮಿಷ, 6 ವಾರ. ಒಬ್ಬರು ಆರು ತಿಂಗಳಲ್ಲಿ ಸರಾಸರಿ ಎಷ್ಟು ಸಲ ಬೀಳುತ್ತಾರೆ ಅನ್ನುವ ಪ್ರಮಾಣ ತರಬೇತಿಯ ಮುಂದಿನ ಆರು ತಿಂಗಳಲ್ಲಿ ಪರದೆ ಇದ್ದ ಗುಂಪಿನಲ್ಲಿ 11.9ರಿಂದ 6ಕ್ಕೆ ಇಳಿಯಿತು. ಬರೀ ಟ್ರೆಡ್‌ಮಿಲ್ ಗುಂಪಿನಲ್ಲಿ 10.7ರಿಂದ 8.3ರ ಹತ್ತಿರಕ್ಕೆ ಬಂತು.

ಎರಡೂ ಗುಂಪಿನ ಕಾಲು ಅಷ್ಟೇ ನಡೆದಿತ್ತು ಅನ್ನುವುದನ್ನು ಗಮನಿಸಿ. ವ್ಯತ್ಯಾಸ ಆದದ್ದು ತಲೆಗೆ ಕೊಟ್ಟ ಕೆಲಸದಿಂದ. ಆದರೂ ಈ ಫಲಿತಾಂಶವನ್ನು ಹಾಗೇ ಎತ್ತಿ ಟೀಚರ್‌ಗೆ ಅಂಟಿಸುವಂತಿಲ್ಲ. ವಿಶ್ಲೇಷಣೆಗೆ ಸಿಕ್ಕ 282 ಜನರಲ್ಲಿ ಎಂಸಿಐ ಇದ್ದವರು 43 ಮಾತ್ರ. ಪರಿಣಾಮ ಎದ್ದು ಕಂಡದ್ದು ಪಾರ್ಕಿನ್ಸನ್ ಕಾಯಿಲೆ ಇದ್ದವರಲ್ಲಿ. ಹಾಗಾಗಿ ಮನೆಯವರಿಗೆ ನಾನು ಹೇಳಿದ್ದು, ಇದು ಪ್ರಯತ್ನಿಸಲು ಯೋಗ್ಯವಾದ ದಾರಿ, ಗ್ಯಾರಂಟಿ ಅಲ್ಲ ಅಂತ.

“ನೆನಪು ವಾಪಸ್ ಬರುತ್ತಾ?” ಅಂತ ಸೊಸೆ ಕೇಳಿದರು. ಇಲ್ಲ, ಅದಕ್ಕಾಗಿ ಇದನ್ನು ಮಾಡುತ್ತಿಲ್ಲ ಅಂತ ಸ್ಪಷ್ಟವಾಗಿ ಹೇಳಿದೆ. ಗುರಿ ಒಂದೇ: ಮಾತಾಡುತ್ತಾ, ಯೋಚಿಸುತ್ತಾ ನಡೆದರೂ ಬೀಳಬಾರದು.

“ನನ್ನ ಕಾಲೆಲ್ಲಿ?”

ವಿಆರ್ ಅಂದ ತಕ್ಷಣ ಎಲ್ಲರ ಕಣ್ಣಿಗೆ ಬರುವುದು ತಲೆಗೆ ಹಾಕುವ ಹೆಡ್‌ಸೆಟ್. ಅದನ್ನೂ ಒಮ್ಮೆ ನೋಡೋಣ ಅಂತ ಟೀಚರ್‌ರನ್ನು ಕುರ್ಚಿಯಲ್ಲಿ ಕೂರಿಸಿಯೇ ಹಾಕಿದೆವು. ಒಂದು ತೋಟದ ದೃಶ್ಯ. ಅವರು ತಲೆ ಬಗ್ಗಿಸಿ ಕೆಳಗೆ ನೋಡಿದರು, ಹುಲ್ಲು ಕಂಡಿತು, ತಮ್ಮ ಕಾಲು ಕಾಣಲಿಲ್ಲ. “ನನ್ನ ಕಾಲೆಲ್ಲಿ?” ಅಂತ ಕುರ್ಚಿಯ ಕೈ ಬಿಗಿಯಾಗಿ ಹಿಡಿದುಕೊಂಡರು. ದೃಶ್ಯ ಮುಂದೆ ಸರಿಯಲು ಶುರುವಾದ ಮೇಲೆ ಹೊಟ್ಟೆ ತೊಳಸಿತು. ಕಣ್ಣು ನಾವು ಚಲಿಸುತ್ತಿದ್ದೇವೆ ಅನ್ನುತ್ತದೆ, ಒಳಕಿವಿ ಇಲ್ಲ ಅನ್ನುತ್ತದೆ. ಈ ಜಗಳದಿಂದಲೇ ವಾಕರಿಕೆ ಬರುವುದು. ತೆಗೆದ ಮೇಲೆ ಎಲ್ಲಿದ್ದೇನೆ ಅಂತ ಸುಧಾರಿಸಿಕೊಳ್ಳಲು ಅವರಿಗೆ ಸ್ವಲ್ಪ ಹೊತ್ತು ಬೇಕಾಯಿತು. ಎಂಸಿಐ ಇದ್ದು, ಬೀಳುವ ಭಯವೂ ಇರುವವರನ್ನು ಸುತ್ತಲಿನ ಕೋಣೆ ಕಾಣದ ಹಾಗೆ ನಿಲ್ಲಿಸುವುದು ನನಗೆ ಸರಿ ಕಾಣಲಿಲ್ಲ. ಹೆಡ್‌ಸೆಟ್ ಎತ್ತಿಟ್ಟು, ದೊಡ್ಡ ಟಿ.ವಿ. ಪರದೆ ಆರಿಸಿಕೊಂಡೆವು. ಪರದೆಯ ಕೆಳಗೆ ಮೈಯ ಚಲನೆ ಹಿಡಿಯುವ ಕ್ಯಾಮೆರಾ. ಎರಡೂ ಬದಿ ಹಿಡಿಯಲು ಕಂಬಿ, ಸೊಂಟಕ್ಕೆ ಬೆಲ್ಟ್, ಪಕ್ಕದಲ್ಲಿ ಸದಾ ಒಬ್ಬರು.

ಇಲ್ಲಿ ಪಾಠಪುಸ್ತಕದಲ್ಲಿ ಸಿಗದ ಒಂದು ತೊಡಕು ಎದುರಾಯಿತು: ಸೀರೆ. ಈ ಕ್ಯಾಮೆರಾ ಮೈಯ ಆಕಾರ ನೋಡಿ ಮೊಣಕಾಲು, ಪಾದ ಎಲ್ಲಿದೆ ಅಂತ ಲೆಕ್ಕ ಹಾಕುತ್ತದೆ. ನೆರಿಗೆಯೊಳಗಿನ ಕಾಲು ಅದಕ್ಕೆ ಸಿಗುವುದಿಲ್ಲ. ಟೀಚರ್ ಹೆಜ್ಜೆ ಎತ್ತಿದರೂ ಪರದೆಯ ಮೇಲೆ ಕಾಲು ಏಳುತ್ತಿರಲಿಲ್ಲ. ಸೊಸೆ ಒಂದು ಚೂಡಿದಾರ್ ತಂದರು. ಜನ್ಮದಲ್ಲಿ ಹಾಕದವರು, ಮೊದಲ ದಿನ ಮುದುರಿಕೊಂಡು ನಿಂತಿದ್ದರು. “ಚೆನ್ನಾಗಿದೆ ಅತ್ತೆ, ಇಲ್ಲಿ ಯಾರು ನೋಡ್ತಾರೆ,” ಅಂತ ಸೊಸೆ ಹೇಳಿ ಹೇಳಿ ಒಪ್ಪಿಸಿದರು.

ಆರು ವಾರ

ವಾರಕ್ಕೆ 3 ಸಲ, 6 ವಾರ ಅನ್ನುವ ಅಳತೆಯನ್ನು ಆ ಅಧ್ಯಯನದಿಂದಲೇ ತಗೊಂಡೆವು. ಯಾವಾಗಲೂ ಬೆಳಗ್ಗೆ, ತಿಂಡಿ ಆದ ಮೇಲೆ, ತಲೆ ಚುರುಕಾಗಿರುವ ಹೊತ್ತಿನಲ್ಲಿ. ಯಾವಾಗಲೂ ಅದೇ ಕೋಣೆ, ಅದೇ ಮಾತು, ಅದೇ ಕ್ರಮ. ಒಂದು ಸಲಕ್ಕೆ ಒಂದೇ ಸೂಚನೆ. ಮರೆವು ಇದ್ದವರಿಗೆ ಹೊಸ ಆಟವನ್ನು ವಿವರಿಸುವುದರಲ್ಲೇ ಅರ್ಧ ಶಕ್ತಿ ಹೋಗಿಬಿಡುತ್ತದೆ, ಅದಕ್ಕೆ ಆಟಗಳನ್ನು ಮೂರಕ್ಕೇ ನಿಲ್ಲಿಸಿದೆವು. ಇಲ್ಲಿ ಒಂದನ್ನು ಮಾತ್ರ ಹೇಳುತ್ತೇನೆ.

ಅದು ಸಂತೆ ಆಟ. ನಿಂತಲ್ಲೇ ಹೆಜ್ಜೆ ಹಾಕಿದರೆ ಪರದೆಯಲ್ಲಿ ಬೀದಿ ಮುಂದೆ ಸರಿಯುತ್ತದೆ. ಬುಟ್ಟಿ, ಕಲ್ಲು, ಸೈಕಲ್ ಅಡ್ಡ ಬಂದರೆ ಪಕ್ಕಕ್ಕೆ ಹೆಜ್ಜೆ ಇಡಬೇಕು, ಇಲ್ಲವೇ ಕಾಲೆತ್ತಿ ದಾಟಬೇಕು. ಮೊದಲೆರಡು ವಾರ ಇಷ್ಟೇ. ಆಮೇಲೆ ಶುರುವಿನಲ್ಲೇ ಮೂರು ಸಾಮಾನಿನ ಹೆಸರು ಹೇಳುತ್ತಿದ್ದೆ. ದಾರಿಯಲ್ಲಿ ಅವು ಕಂಡಾಗ ಮಾತ್ರ ಕೈ ಚಾಚಬೇಕು, ಬೇರೆ ಕಂಡರೆ ಬಿಡಬೇಕು. ಕೈ ಚಾಚದೆ ಬಿಡುವುದೇ ಹೆಚ್ಚು ಕಷ್ಟ. ನಾಲ್ಕನೇ ವಾರದಿಂದ ಅಂಗಡಿಯವನ ಪ್ರಶ್ನೆ ಸೇರಿತು, ಅದನ್ನು ಪಕ್ಕದಲ್ಲಿ ನಿಂತ ನಾನೇ ಕೇಳುತ್ತಿದ್ದೆ: ಕೆ.ಜಿ.ಗೆ 40 ಆದರೆ ಅರ್ಧ ಕೆ.ಜಿ.ಗೆ ಎಷ್ಟು?

ಪ್ರಶ್ನೆ ಬಂದ ಕೂಡಲೇ ಕಾಲು ನಿಲ್ಲುತ್ತಿತ್ತು. 20 ಅಂತ ಉತ್ತರ ಬಂದ ಮೇಲೆ ಮತ್ತೆ ಹೆಜ್ಜೆ. ಆಗ ಬೀದಿಯೂ ನಿಲ್ಲುವುದರಿಂದ ತಾವು ನಿಂತದ್ದು ಅವರ ಕಣ್ಣಿಗೇ ಕಾಣುತ್ತಿತ್ತು. “ಅಯ್ಯೋ, ನಿಂತುಬಿಟ್ಟೆ,” ಅನ್ನುತ್ತಿದ್ದರು. ಬಾಯಲ್ಲಿ ನಾನು ಎಷ್ಟು ಸಲ ಹೇಳಿದ್ದರೂ ಹೀಗೆ ಮನಸ್ಸಿಗೆ ಹೋಗುತ್ತಿರಲಿಲ್ಲ. ಒಂದು ಸುತ್ತಿನಲ್ಲಿ “ಈಗ ಕಾಲೇ ಮುಖ್ಯ, ಲೆಕ್ಕ ತಪ್ಪಿದರೂ ಪರವಾಗಿಲ್ಲ” ಅನ್ನುತ್ತಿದ್ದೆ. ಮುಂದಿನ ಸುತ್ತಿನಲ್ಲಿ “ಈಗ ಲೆಕ್ಕ ಮುಖ್ಯ, ನಿಧಾನವಾದರೂ ನಿಲ್ಲಬೇಡಿ” ಅನ್ನುತ್ತಿದ್ದೆ. ಗಮನವನ್ನು ಬೇಕೆಂದಾಗ ಬೇಕಾದ ಕಡೆಗೆ ತಿರುಗಿಸುವುದನ್ನೇ ಕಲಿಸಬೇಕಾದದ್ದು. ನನ್ನ ಅನುಭವದಲ್ಲಿ ಹತ್ತರಲ್ಲಿ ಏಳೆಂಟು ಸರಿ ಬರುವ ಮಟ್ಟದಲ್ಲಿ ಆಟ ಇದ್ದರೆ ಕಲಿಕೆ ಆಗುತ್ತದೆ. ಅದಕ್ಕಿಂತ ಸುಲಭವಾದರೆ ಬೇಸರ, ಕಷ್ಟವಾದರೆ ಮರುದಿನ ಬರುವುದೇ ಇಲ್ಲ.

ಟೀಚರ್ ಬರುವುದನ್ನು ನಿಲ್ಲಿಸುವ ಹಂತಕ್ಕೆ ಬಂದದ್ದು ಮಾತ್ರ ಬೇರೆ ಕಾರಣಕ್ಕೆ. ತಪ್ಪಾದಾಗಲೆಲ್ಲ ಪರದೆಯಲ್ಲಿ ಕೆಂಪು ಗುರುತು ಬಂದು ಗುಂಯ್ ಅಂತ ಸದ್ದಾಗುತ್ತಿತ್ತು. “ಮೂವತ್ತು ವರ್ಷ ಮಕ್ಕಳ ಪುಸ್ತಕಕ್ಕೆ ಕೆಂಪಿಂಕು ಹಾಕಿದವಳು ನಾನು. ಈಗ ಟಿ.ವಿ. ನನಗೆ ಹಾಕ್ತಿದೆ,” ಅಂದರು. ಧ್ವನಿ ಭಾರವಾಗಿತ್ತು. ಮರೆವು ಶುರುವಾದವರಿಗೆ ದಿನವಿಡೀ ಎಲ್ಲರೂ ತಪ್ಪು ತೋರಿಸುತ್ತಲೇ ಇರುತ್ತಾರೆ. ಇಲ್ಲೂ ಅದೇ ಆದರೆ ಹೇಗೆ? ಸದ್ದು, ಅಂಕ, ಕೆಂಪು ಗುರುತು ಎಲ್ಲ ಆಫ್ ಮಾಡಿದೆವು. ಬುಟ್ಟಿ ತುಂಬಿದ್ದು ಮಾತ್ರ ಕಾಣುವ ಹಾಗೆ ಇಟ್ಟೆವು.

ಪರದೆಯಿಂದ ಬೀದಿಗೆ

ಪರದೆಯ ಮುಂದೆ ಚೆನ್ನಾಗಿ ಆಡುವವರು ಬೀದಿಯಲ್ಲೂ ಚೆನ್ನಾಗಿ ನಡೆಯುತ್ತಾರೆ ಅಂತ ನಂಬಿ ಕೂರುವಂತಿಲ್ಲ. ಅದಕ್ಕೇ ಕೊನೆಯ ಎರಡು ವಾರ ಪ್ರತಿ ಸಲವೂ ಅರ್ಧ ಹೊತ್ತು ಪರದೆ ಬಿಟ್ಟು ಹೊರಗೆ. ಚೂಡಿದಾರ್ ಬೇಡ, ಸೀರೆಯೇ ಉಡಿ ಅಂದೆ, ದಿನಾ ನಡೆಯುವುದು ಅದರಲ್ಲೇ ಅಲ್ವಾ. ಮೊದಲು ಕಾರಿಡಾರ್‌ನಲ್ಲಿ ಚೀಲ ಹಿಡಿದು. ಆಮೇಲೆ ಆಸ್ಪತ್ರೆ ಹಿಂದಿನ ರಸ್ತೆಯಲ್ಲಿ, ಯಜಮಾನರು ಮಾತಾಡಿಸುತ್ತಾ. ಕೊನೆಗೆ ಹತ್ತಿರದ ತರಕಾರಿ ಅಂಗಡಿಯವರೆಗೆ.

ಆ ನಡಿಗೆಯಲ್ಲಿ ಒಮ್ಮೆ ಅವರ ಫೋನ್ ಹೊಡೆದುಕೊಂಡಿತು. ನಾವು ಯಾರೂ ಮಾಡಿಸಿದ್ದಲ್ಲ. ಟೀಚರ್ ನಿಂತರು, ಗೋಡೆ ಪಕ್ಕಕ್ಕೆ ಸರಿದರು, ಚೀಲವನ್ನು ಎಡಗೈಗೆ ಬದಲಾಯಿಸಿದರು, ಆಮೇಲೆ ಫೋನ್ ತೆಗೆದರು. ನಡೆಯುತ್ತಾ ಎಲ್ಲವನ್ನೂ ಮಾಡಬೇಕಿಲ್ಲ. ಯಾವಾಗ ನಿಲ್ಲಬೇಕು ಅಂತ ಆರಿಸಿ ನಿಲ್ಲುವುದೂ ನಾವು ಕಲಿಸಿದ ಪಾಠದ ಭಾಗವೇ. ಗೊತ್ತಿಲ್ಲದೆ ನಿಂತುಹೋಗುವುದು ಬೇರೆ, ಗೊತ್ತಿದ್ದು ನಿಲ್ಲುವುದು ಬೇರೆ.

ಮನೆಯಲ್ಲೂ ಬದಲಾವಣೆ ಮಾಡಿಸಿದೆವು. ಬಚ್ಚಲುಮನೆ ಗೋಡೆಗೆ ಕಂಬಿ, ರಾತ್ರಿ ದೀಪ, ಹೊಸ್ತಿಲಿಗೆ ಹಳದಿ ಪಟ್ಟಿ, ಜಾರುವ ಕಾಲೊರೆಸು ತೆಗೆದದ್ದು.

ಫಲಿತಾಂಶ, ಮತ್ತು ಅದನ್ನು ಎಷ್ಟು ನಂಬಬೇಕು

ಆರು ವಾರ ಮುಗಿದಾಗ ಸುಮ್ನೆ ನಡೆಯುವ ಪರೀಕ್ಷೆ 13.4ರಿಂದ 12.6 ಸೆಕೆಂಡ್‌ಗೆ ಬಂತು. ಹೇಳಿಕೊಳ್ಳುವಂಥದ್ದಲ್ಲ. ಲೆಕ್ಕದ ಜೊತೆ ನಡೆಯುವುದು 19.2ರಿಂದ 15.5ಕ್ಕೆ ಇಳಿಯಿತು. ಎರಡು ಕೆಲಸ ಸೇರಿದಾಗಿನ ನಿಧಾನ 43%ರಿಂದ 23%ಕ್ಕೆ ಬಂತು. ಬರ್ಗ್ 46ರಿಂದ 50. ಆ ಮಟ್ಟದ ಅಂಕದಲ್ಲಿ 4ಕ್ಕಿಂತ ಕಡಿಮೆ ವ್ಯತ್ಯಾಸ ಅಳತೆಯ ಏರುಪೇರೂ ಆಗಿರಬಹುದು, ಹಾಗಾಗಿ ಇದು ಸರಿಯಾಗಿ ಅಂಚಿನ ಮೇಲಿದೆ. ಮೋಕಾ 22 ಇದ್ದದ್ದು 23. ಅದನ್ನು ಸುಧಾರಣೆ ಅಂತ ನಾನು ಎಣಿಸುವುದಿಲ್ಲ.

ಏನನ್ನು ತರಬೇತಿ ಮಾಡಿದೆವೋ ಅದೇ ಹೆಚ್ಚು ಬದಲಾಯಿತು ಅನ್ನುವುದು ನನಗೆ ಮುಖ್ಯವಾಗಿ ಕಾಣುತ್ತದೆ. ಆದರೆ ಇದೆಲ್ಲ ವಿಆರ್‌ನಿಂದಲೇ ಅಂತ ಹೇಳಲಾರೆ. ಮಂಪರು ತರುವ ಮಾತ್ರೆ ಅದೇ ಹೊತ್ತಿಗೆ ನಿಂತಿತ್ತು. ವಾರಕ್ಕೆ ಮೂರು ಸಲ ಮನೆಯಿಂದ ಹೊರಗೆ ಬಂದು ನಾಲ್ಕು ಜನರ ಜೊತೆ ನಕ್ಕು ಮಾತಾಡಿದ್ದರು. ಅದೇ ಪರೀಕ್ಷೆಯನ್ನು ಎರಡನೇ ಸಲ ಮಾಡಿದಾಗ ಸ್ವಲ್ಪ ರೂಢಿಯೂ ಆಗಿರುತ್ತದೆ. ಒಬ್ಬರ ಪ್ರಕರಣದಲ್ಲಿ ಇವನ್ನು ಬಿಡಿಸಿ ನೋಡಲು ಆಗುವುದಿಲ್ಲ.

ಮುಂದಿನ ಆರು ತಿಂಗಳು ಬಿದ್ದರೆ, ಎಡವಿದರೆ ಗುರುತು ಹಾಕಲು ಅಡುಗೆಮನೆಯ ಕ್ಯಾಲೆಂಡರ್ ಬಳಸಿದರು. ಬಿದ್ದದ್ದು ಇಲ್ಲ. ನಾಯಿ ಅಡ್ಡ ಬಂದು ಒಮ್ಮೆ ಮುಗ್ಗರಿಸಿದರು, ಪಕ್ಕದ ಗೇಟ್ ಹಿಡಿದು ನಿಂತರು. ಆದರೆ ದಸರೆಗೆ ನೆಂಟರು ಬಂದ ಮೇಲೆ ಮನೆಯಲ್ಲಿ ಮಾಡುತ್ತಿದ್ದ ನಡಿಗೆಯ ಅಭ್ಯಾಸ ತಪ್ಪಿತು, ಮತ್ತೆ ಶುರುವಾಗಲೇ ಇಲ್ಲ. ಆರು ತಿಂಗಳ ಪರೀಕ್ಷೆಯಲ್ಲಿ ಲೆಕ್ಕದ ಜೊತೆಗಿನ ನಡಿಗೆ 16.8ಕ್ಕೆ ಜಾರಿತ್ತು.

ಹೀಗಾಗಿ ಈಗ ತಿಂಗಳಿಗೆ ಎರಡು ಸಲ ಬಂದು ಸಂತೆ ಆಟ ಆಡುತ್ತಾರೆ. ಮಿಕ್ಕ ದಿನ ಪರದೆ ಇಲ್ಲದ ಅಭ್ಯಾಸವನ್ನು ಯಜಮಾನರೇ ಮಾಡಿಸುತ್ತಾರೆ. ಮನೆ ಅಂಗಳದಲ್ಲಿ ನಡೆಯುತ್ತಾ ತರಕಾರಿ ಹೆಸರು, ಹಳೇ ವಿದ್ಯಾರ್ಥಿಗಳ ಹೆಸರು, ಕೊನೆಯಿಂದ ಮೊದಲಿಗೆ ತಿಂಗಳುಗಳ ಹೆಸರು. ವಿಆರ್ ಸಿಗದ ಊರಿನಲ್ಲಿ ಇರುವವರೂ ಇದನ್ನು ಶುರು ಮಾಡಬಹುದು, ಪಕ್ಕದಲ್ಲಿ ಒಬ್ಬರು ಇರಬೇಕು, ಗೋಡೆ ಕೈಗೆ ಸಿಗುವಂತಿರಬೇಕು, ಮತ್ತು ಮೊದಲು ಬಿ.ಪಿ., ಕಣ್ಣು, ಮಾತ್ರೆಗಳನ್ನು ವೈದ್ಯರಿಗೆ ತೋರಿಸಿರಬೇಕು. ಟೀಚರ್‌ಗೆ ಮುಂದಿನ ಪೂರ್ತಿ ಪರೀಕ್ಷೆ ವರ್ಷ ತುಂಬಿದಾಗ. ಆಗ ನಡಿಗೆಯನ್ನು ನಾವು ನೋಡುತ್ತೇವೆ, ನೆನಪಿನ ಪರೀಕ್ಷೆಯನ್ನು ನರರೋಗ ತಜ್ಞರು ಮಾಡುತ್ತಾರೆ.